ಊರು ಬದಲಿಸುವ ಮುನ್ನ ಯಾರ ದಿನವನ್ನು ಅಳೆಯಬೇಕು?

ಶಾಲೆಗಳಿಗೆ ಬೇಸಿಗೆ ರಜೆ ಹತ್ತಿರವಾದಾಗಲೆಲ್ಲ ಈ ಅಂಕಣಕ್ಕೆ ಊರು ಬದಲಾವಣೆಯ ಪ್ರಶ್ನೆಗಳು ಹೆಚ್ಚಾಗಿ ಬರುತ್ತವೆ. ಈ ಬಾರಿ ಅವುಗಳಲ್ಲಿ ಮೂರನ್ನು ಆರಿಸಿಕೊಂಡಿದ್ದೇನೆ. ಮೊದಲನೆಯದಕ್ಕೆ ಹೆಚ್ಚು ಜಾಗ ಕೊಟ್ಟಿರುವುದು ಉದ್ದೇಶಪೂರ್ವಕವಾಗಿಯೇ, ಏಕೆಂದರೆ ಅಂಥದೇ ಸ್ಥಿತಿಯಲ್ಲಿರುವ ಬೇರೆ ಮನೆಗಳೂ ಇವೆ ಎಂಬುದು ನನಗೆ ಬರುವ ಕಾಗದಗಳಿಂದ ತಿಳಿದಿದೆ.

ಪ್ರಶ್ನೆ: ನಾವು ಹದಿನಾಲ್ಕು ವರ್ಷಗಳಿಂದ ಯಲಹಂಕದಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಈಗಿನ ಬಾಡಿಗೆ ತಿಂಗಳಿಗೆ 32,000 ರೂಪಾಯಿ. ನನ್ನ ಪತಿ ಕೇಂದ್ರ ಸರ್ಕಾರದ ನೌಕರರು, ಮೂಲವೇತನ 60,000. ಕೋರಮಂಗಲದ ಕಚೇರಿಗೆ ಸ್ಕೂಟರಿನಲ್ಲಿ ಹೋಗಲು ಅವರಿಗೆ ಒಂದೂಕಾಲು ಗಂಟೆ ಬೇಕು. ನಾನು ಎಂ.ಜಿ. ರಸ್ತೆಯ ಸಮೀಪದ ಖಾಸಗಿ ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ವಾರಕ್ಕೆ ಮೂರು ದಿನ ಕಚೇರಿಗೆ ಹೋಗಬೇಕು, ಬಸ್ಸಿನಲ್ಲಿ ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಪತಿಗೆ ಮೈಸೂರಿಗೆ ವರ್ಗಾವಣೆ ಕೇಳುವ ಅವಕಾಶ ಬಂದಿದೆ. ಅಲ್ಲಿ ಇಷ್ಟೇ ದೊಡ್ಡ ಮನೆ 18,000ಕ್ಕೆ ನೋಡಿದ್ದೇವೆ, ಅಲ್ಲಿಂದ ಅವರ ಕಚೇರಿ ಇಪ್ಪತ್ತು ನಿಮಿಷದ ದಾರಿ. ನನ್ನ ಕಂಪನಿಯವರು ವಾರಕ್ಕೆ ಎರಡು ದಿನ ಬಂದರೆ ಸಾಕೆಂದು ಬಾಯಿಮಾತಿನಲ್ಲಿ ಹೇಳಿದ್ದಾರೆ. ಹೃದಯದ ತೊಂದರೆಯಿರುವ 74 ವರ್ಷದ ಅತ್ತೆಯವರು ಮತ್ತು ಎಂಟನೆಯ ತರಗತಿಯ ಮಗಳು ನಮ್ಮ ಜೊತೆಗಿದ್ದಾರೆ. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಒಂದು ಪಟ್ಟಿಯಲ್ಲಿ ಬೆಂಗಳೂರು ಮುಂದಿದೆ, ಇನ್ನೊಂದರಲ್ಲಿ ಮೈಸೂರು ಮುಂದಿದೆ. ಮನೆಯವರೆಲ್ಲ ಹೋಗೋಣ ಎನ್ನುತ್ತಾರೆ, ನನಗೇಕೋ ಮನಸ್ಸು ಒಪ್ಪುತ್ತಿಲ್ಲ. ಎರಡು ಊರುಗಳ ಜೀವನ ಗುಣಮಟ್ಟವನ್ನು ಹೋಲಿಸಿ ನೋಡುವುದು ಹೇಗೆ?
— ಹೆಸರು ಬೇಡ, ಯಲಹಂಕ

ಉತ್ತರ: ನಿಮ್ಮ ಮನಸ್ಸು ಒಪ್ಪದಿರುವುದಕ್ಕೆ ಕಾರಣ ನಿಮ್ಮ ಕಾಗದದಲ್ಲಿಯೇ ಇದೆ. ಅದಕ್ಕೆ ಬರುವ ಮೊದಲು ನಿಮ್ಮನ್ನು ಗೊಂದಲಕ್ಕೆ ಈಡುಮಾಡಿದ ಪಟ್ಟಿಗಳ ಮಾತನ್ನು ಮುಗಿಸಿಬಿಡುತ್ತೇನೆ.

ಕೇಂದ್ರ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯವು 2018ರಲ್ಲಿ ಪ್ರಕಟಿಸಿದ ಸುಗಮ ಜೀವನ ಸೂಚ್ಯಂಕದಲ್ಲಿ ಪುಣೆ ಮೊದಲ ಸ್ಥಾನದಲ್ಲಿತ್ತು, ಬೆಂಗಳೂರು 58ನೆಯ ಸ್ಥಾನದಲ್ಲಿತ್ತು. ಅದೇ ಸಚಿವಾಲಯವು 2021ರ ಮಾರ್ಚ್‌ನಲ್ಲಿ ಹೊರತಂದ 2020ರ ಸೂಚ್ಯಂಕದಲ್ಲಿ, ಹತ್ತು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳ ಪೈಕಿ, ಬೆಂಗಳೂರೇ ಮೊದಲನೆಯದಾಯಿತು. ಅಷ್ಟು ಕಡಿಮೆ ಅವಧಿಯಲ್ಲಿ ಒಂದು ಮಹಾನಗರದ ಬದುಕು ಹಾಗೆ ತಲೆಕೆಳಗಾಗಲು ಸಾಧ್ಯವಿಲ್ಲ. ಬದಲಾದದ್ದು ಅಳತೆಗೋಲು. ಎರಡನೆಯ ಬಾರಿ ದೊಡ್ಡ ನಗರಗಳನ್ನೂ ಚಿಕ್ಕ ನಗರಗಳನ್ನೂ ಬೇರೆ ಬೇರೆ ಪಟ್ಟಿಗೆ ಹಾಕಲಾಯಿತು, ನಾಗರಿಕರ ಅಭಿಪ್ರಾಯ ಸಮೀಕ್ಷೆಗೆ ಶೇ. 30ರಷ್ಟು ತೂಕ ಕೊಡಲಾಯಿತು. ಚಿಕ್ಕ ನಗರಗಳ ಆ ಪಟ್ಟಿಯಲ್ಲಿ ನಮ್ಮ ದಾವಣಗೆರೆ 9ನೆಯ ಸ್ಥಾನ ಪಡೆದಿತ್ತು. ಆದರೆ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮವು ಗಾಳಿಯ ಗುಣಮಟ್ಟ ಸಾಲದೆಂದು ಕರ್ನಾಟಕದಲ್ಲಿ ಗುರುತಿಸಿದ ನಾಲ್ಕು ನಗರಗಳಲ್ಲಿ, ಬೆಂಗಳೂರು, ಹುಬ್ಬಳ್ಳಿ-ಧಾರವಾಡ ಮತ್ತು ಕಲಬುರಗಿಗಳ ಜೊತೆಗೆ, ಅದೇ ದಾವಣಗೆರೆಯೂ ಇದೆ. ಎರಡು ಮಾತೂ ಸುಳ್ಳಲ್ಲ. ನಿಮ್ಮ ಮನೆಯಲ್ಲಿ ಉಬ್ಬಸದ ಮಗುವಿದ್ದರೆ ಎರಡನೆಯದು ಮುಖ್ಯ, ಇಲ್ಲವಾದರೆ ಮೊದಲನೆಯದು ಇರಬಹುದು. ಮೈಸೂರು ಮೊದಲಿರುವ ಪಟ್ಟಿ ಎಂದು ನೀವು ನೋಡಿರುವುದು ಬಹುಶಃ ಸ್ವಚ್ಛ ಸರ್ವೇಕ್ಷಣೆಯದು. 2016ರಲ್ಲಿ 73 ನಗರಗಳ ಪೈಕಿ ಮೈಸೂರು ಮೊದಲ ಸ್ಥಾನ ಪಡೆದಿತ್ತು. ಅದು ಹೆಮ್ಮೆಯ ಸಂಗತಿಯೇ ಸರಿ, ಆದರೆ ಅದು ಕಸದ ನಿರ್ವಹಣೆಯ ಮತ್ತು ಶೌಚಾಲಯಗಳ ಲೆಕ್ಕ, ನಿಮ್ಮ ಸಂಸಾರದ ಲೆಕ್ಕವಲ್ಲ.

ಕೆಲವರು ಬೆಲೆ ಸೂಚ್ಯಂಕವನ್ನು ಹಿಡಿದು ಊರುಗಳನ್ನು ಹೋಲಿಸುತ್ತಾರೆ. ಇದು ಪೂರ್ತಿ ತಪ್ಪು. ಕೈಗಾರಿಕಾ ಕಾರ್ಮಿಕರ ಗ್ರಾಹಕ ಬೆಲೆ ಸೂಚ್ಯಂಕವು ಪ್ರತಿಯೊಂದು ಕೇಂದ್ರದ 2016ರ ಬೆಲೆಯನ್ನು ನೂರು ಎಂದಿಟ್ಟುಕೊಂಡು, ಅಲ್ಲಿಂದೀಚೆಗೆ ಆ ಊರಿನಲ್ಲಿ ಬೆಲೆ ಎಷ್ಟು ಏರಿತೆಂಬುದನ್ನು ಮಾತ್ರ ಹೇಳುತ್ತದೆ. ಒಂದು ಊರಿನ ಸೂಚ್ಯಂಕ ಇನ್ನೊಂದರದ್ದಕ್ಕಿಂತ ಹೆಚ್ಚಿದೆ ಎಂದರೆ ಅಲ್ಲಿ ಬದುಕು ದುಬಾರಿ ಎಂದರ್ಥವಲ್ಲ, ಅಲ್ಲಿ ಬೆಲೆಗಳು ಬೇಗ ಏರಿವೆ ಎಂದಷ್ಟೇ ಅರ್ಥ.

ಈಗ ನಿಮ್ಮ ಹಣದ ಲೆಕ್ಕ. ಬಾಡಿಗೆಯಲ್ಲಿ 14,000 ಉಳಿಯುತ್ತದೆ ಎಂದು ಮನೆಯವರು ಹೇಳುತ್ತಿರಬೇಕು. ಆದರೆ ಕೇಂದ್ರ ನೌಕರರ ಮನೆ ಬಾಡಿಗೆ ಭತ್ಯೆಯಲ್ಲಿ ಬೆಂಗಳೂರು ಎಕ್ಸ್ ವರ್ಗದ ನಗರ, ಮೈಸೂರು ವೈ ವರ್ಗದ ನಗರ. 7ನೇ ವೇತನ ಆಯೋಗದ ನಿಯಮದಂತೆ ಮೊದಲನೆಯದಕ್ಕೆ ಮೂಲವೇತನದ ಶೇ. 30, ಎರಡನೆಯದಕ್ಕೆ ಶೇ. 20. ನಿಮ್ಮ ಪತಿಯ ಮೂಲವೇತನಕ್ಕೆ ಇದು 18,000 ಮತ್ತು 12,000 ಆಗುತ್ತದೆ, ಅಂದರೆ 6,000 ಕೈತಪ್ಪುತ್ತದೆ. ಸಾರಿಗೆ ಭತ್ಯೆಯೂ ಬೆಂಗಳೂರಿನಲ್ಲಿ ಹೆಚ್ಚು. ಅವರ ವೇತನ ಶ್ರೇಣಿ 8ನೆಯ ಹಂತದೊಳಗಿದ್ದರೆ 3,600 ಇದ್ದದ್ದು 1,800ಕ್ಕೆ ಇಳಿಯುತ್ತದೆ, ಅದರ ಮೇಲಿನ ತುಟ್ಟಿಭತ್ಯೆಯನ್ನೂ ಸೇರಿಸಿದರೆ ಇಳಿಕೆ ಸುಮಾರು 2,800. ಹೀಗೆ 14,000ದ ಉಳಿತಾಯವು 5,200ಕ್ಕೆ ಬಂದು ನಿಲ್ಲುತ್ತದೆ. ಇದರಲ್ಲಿ ನಿಮ್ಮ ಬೆಂಗಳೂರಿನ ಓಡಾಟದ ಖರ್ಚು ಕಳೆಯಬೇಕು, ಪತಿಯ ಪೆಟ್ರೋಲಿನ ಉಳಿತಾಯ ಕೂಡಬೇಕು. ಬೆಂಗಳೂರಿನ ಮನೆಗೆ ಕೊಟ್ಟ ಅಡ್ವಾನ್ಸ್ ಹಿಂದಕ್ಕೆ ಬರುವುದು ಒಮ್ಮೆ ಮಾತ್ರ, ಅದೂ ಬಣ್ಣ ಬಳಿಸುವ ಖರ್ಚು ಮುರಿದುಕೊಂಡ ಮೇಲೆ. ಆದ್ದರಿಂದ ಅದನ್ನು ತಿಂಗಳ ಲೆಕ್ಕಕ್ಕೆ ಸೇರಿಸಬೇಡಿ. ಒಟ್ಟಿನಲ್ಲಿ ಹಣದ ದೃಷ್ಟಿಯಿಂದ ಈ ಬದಲಾವಣೆ ಸ್ವಲ್ಪ ಅನುಕೂಲಕರ, ಮನೆಯವರು ತಿಳಿದಷ್ಟು ಅಲ್ಲ.

ನಿಜವಾದ ವಿಷಯ ಇರುವುದು ಗಂಟೆಗಳಲ್ಲಿ. ಒಂದು ಹಾಳೆ ತೆಗೆದುಕೊಂಡು ಮನೆಯ ನಾಲ್ವರ ಹೆಸರಿಗೂ ಒಂದೊಂದು ಕಂಬಸಾಲು ಎಳೆಯಿರಿ. ಈಗ ನಿಮ್ಮ ಪತಿ ವಾರಕ್ಕೆ ಹನ್ನೆರಡೂವರೆ ಗಂಟೆ ರಸ್ತೆಯ ಮೇಲಿರುತ್ತಾರೆ, ನೀವು ಎಂಟು ಗಂಟೆ ಇರುತ್ತೀರಿ. ಇಬ್ಬರದ್ದೂ ಸೇರಿ ಇಪ್ಪತ್ತೂವರೆ ಗಂಟೆ. ಮೈಸೂರಿಗೆ ಹೋದ ಮೇಲೆ ಅವರದು ವಾರಕ್ಕೆ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ನಿಮ್ಮದು? ಮನೆಯಿಂದ ಮೈಸೂರು ನಿಲ್ದಾಣ, ಅಲ್ಲಿ ಕಾಯುವ ಹೊತ್ತು, ಕೆಂಗೇರಿಯವರೆಗೆ ರೈಲು, ಅಲ್ಲಿಂದ ನೇರಳೆ ಮಾರ್ಗದ ಮೆಟ್ರೋ, ಇಳಿದು ನಡೆಯುವ ದಾರಿ, ಇವನ್ನೆಲ್ಲ ಕೂಡಿದರೆ ಒಂದು ಕಡೆಗೆ ಮೂರೂವರೆ ಗಂಟೆ. ವಾರಕ್ಕೆ ಎರಡು ದಿನವೆಂದರೆ ಹದಿನಾಲ್ಕು ಗಂಟೆ. ಇಬ್ಬರದ್ದೂ ಸೇರಿಸಿದರೆ ಹದಿನೇಳು ಗಂಟೆ ಇಪ್ಪತ್ತು ನಿಮಿಷ. ಕುಟುಂಬದ ಒಟ್ಟು ಲೆಕ್ಕದಲ್ಲಿ ಮೂರು ಗಂಟೆಗೂ ಹೆಚ್ಚು ಉಳಿತಾಯವೇ ಕಾಣುತ್ತದೆ, ಮನೆಯವರು ಹೋಗೋಣ ಎನ್ನುವುದು ಸಹಜವೇ. ಆದರೆ ಆ ಮೊತ್ತದೊಳಗೆ ಒಂಬತ್ತು ಗಂಟೆಯ ಭಾರ ಪತಿಯ ಹೆಗಲಿನಿಂದ ಇಳಿದಿದೆ, ಆರು ಗಂಟೆಯ ಭಾರ ನಿಮ್ಮ ಹೆಗಲಿಗೆ ಏರಿದೆ. ನಿಮ್ಮ ಮನಸ್ಸು ಒಪ್ಪದಿರುವುದು ಇದಕ್ಕೇ ಎಂದು ನನಗನ್ನಿಸುತ್ತದೆ. ಊರಿನ ಗುಣಮಟ್ಟ ಎಂಬುದು ಮನೆಯವರಿಗೆಲ್ಲ ಸಮನಾಗಿ ಹಂಚಿಕೆಯಾಗುವ ವಸ್ತುವಲ್ಲ. ಒಂದೇ ಮನೆಯಲ್ಲಿ ಒಬ್ಬರ ಬದುಕು ಹಗುರವಾದಾಗ ಇನ್ನೊಬ್ಬರದು ಭಾರವಾಗಬಹುದು, ಮತ್ತು ನಮ್ಮ ಮನೆಗಳಲ್ಲಿ ಆ ಇನ್ನೊಬ್ಬರು ಸಾಮಾನ್ಯವಾಗಿ ಹೆಂಗಸರೇ ಆಗಿರುತ್ತಾರೆ ಎಂಬುದನ್ನು ನಾನು ನೋವಿನಿಂದಲೇ ಬರೆಯುತ್ತಿದ್ದೇನೆ.

ಆ ಎರಡು ದಿನಗಳನ್ನು ಇನ್ನೂ ಹತ್ತಿರದಿಂದ ನೋಡಿ. ಒಂಬತ್ತೂವರೆಗೆ ಕಚೇರಿಯಲ್ಲಿರಬೇಕಾದರೆ ಬೆಳಗ್ಗೆ ಆರಕ್ಕೆ ಮನೆ ಬಿಡಬೇಕು. ಅದಕ್ಕೆ ಮೊದಲು ತಿಂಡಿ, ಮಗಳ ಡಬ್ಬಿ, ಅತ್ತೆಯವರ ಬೆಳಗಿನ ಮಾತ್ರೆ. ಆರಕ್ಕೆ ಕಚೇರಿ ಬಿಟ್ಟರೆ ಮನೆ ಸೇರುವಾಗ ರಾತ್ರಿ ಒಂಬತ್ತೂವರೆ. ಆ ದಿನಗಳಲ್ಲಿ ಅಡುಗೆ ಯಾರದು, ಅತ್ತೆಯವರಿಗೆ ಎದೆ ಹಿಡಿದುಕೊಂಡರೆ ಫೋನು ಯಾರಿಗೆ ಹೋಗಬೇಕು ಎಂಬುದನ್ನು ಹೊರಡುವ ಮೊದಲೇ ಪತಿಯೊಡನೆ ಕುಳಿತು ಮಾತಾಡಿಕೊಳ್ಳಿ. ಅವರಿಗೆ ಉಳಿಯುವ ಒಂಬತ್ತು ಗಂಟೆಗಳಲ್ಲಿ ಎಷ್ಟನ್ನು ಮನೆಗೆ ಕೊಡುತ್ತಾರೆಂದು ಕೇಳುವುದು ಜಗಳವಲ್ಲ, ನ್ಯಾಯವಾದ ಪ್ರಶ್ನೆ. ಎರಡು ಕಚೇರಿ ದಿನಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಒಂದು ರಾತ್ರಿ ಬೆಂಗಳೂರಿನ ನೆಂಟರ ಮನೆಯಲ್ಲೋ ಪಿ.ಜಿ.ಯಲ್ಲೋ ತಂಗಿದರೆ ಹದಿನಾಲ್ಕು ಗಂಟೆ ಏಳಕ್ಕೆ ಇಳಿಯುತ್ತದೆ, ಅಂದರೆ ಈಗಿನದಕ್ಕಿಂತಲೂ ಕಡಿಮೆ. ಉಳಿಯುವ ಆ 5,200ರಲ್ಲಿ ಇದಕ್ಕೆ ಹಣ ತೆಗೆದಿಡುವುದು ಅತ್ಯುತ್ತಮ ಬಳಕೆ. ಮೈಸೂರು–ಬೆಂಗಳೂರು ನಡುವೆ ರೈಲಿನ ಮಾಸಿಕ ಪಾಸಿನ ಮೇಲೆ ಓಡಾಡುವ ನೌಕರರು ಬಹಳ ಮಂದಿ ಇದ್ದಾರೆ. ಒಂದು ವಾರ ನೀವೂ ಅವರ ಜೊತೆ ಹೋಗಿ ಬನ್ನಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೆದ್ದಾರಿಯಿಂದ ಎರಡು ಊರುಗಳ ನಡುವಿನ ಪ್ರಯಾಣ ಚುರುಕಾಗಿದೆ ಎಂಬುದು ನಿಜ, ಆದರೆ ಕೆಂಗೇರಿಯಿಂದ ಒಳಗಿನ ಬೆಂಗಳೂರಿಗೆ ಅದು ಏನನ್ನೂ ಮಾಡಿಲ್ಲ.

ಇವೆಲ್ಲಕ್ಕೂ ತಳಹದಿ ಆ ‘ಎರಡು ದಿನ’. ಅದು ಬಾಯಿಮಾತಿನಲ್ಲಿದೆ ಎಂದಿದ್ದೀರಿ. ಮುಂದಿನ ಮೇಲಧಿಕಾರಿ ಬಂದು ಮೂರು ದಿನ ಎಂದರೆ ನಿಮ್ಮ ಪ್ರಯಾಣ ವಾರಕ್ಕೆ ಇಪ್ಪತ್ತೊಂದು ಗಂಟೆಯಾಗುತ್ತದೆ, ಕುಟುಂಬದ ಒಟ್ಟು ಲೆಕ್ಕವೂ ಈಗಿನದನ್ನು ಮೀರುತ್ತದೆ. ಆದ್ದರಿಂದ ಪತಿ ವರ್ಗಾವಣೆಯ ಅರ್ಜಿ ಕೊಡುವ ಮೊದಲು ಕಂಪನಿಯಿಂದ ಆ ಮಾತನ್ನು ಬರಹದಲ್ಲಿ ಪಡೆಯಿರಿ. ಬರಹದಲ್ಲಿ ಕೊಡಲು ಒಪ್ಪದಿದ್ದರೆ ಹೋಗಬೇಡಿ ಎಂದೇ ನನ್ನ ಸಲಹೆ.

ಅತ್ತೆಯವರ ಚಿಕಿತ್ಸೆಯ ಬಗ್ಗೆ ನೀವು ಅಳುಕಬೇಕಾಗಿಲ್ಲ. ಜಯದೇವ ಹೃದ್ರೋಗ ಸಂಸ್ಥೆಯ ಆಸ್ಪತ್ರೆ ಮೈಸೂರಿನಲ್ಲಿಯೂ ಇದೆ. ಅವರು ನಿಜವಾಗಿ ಕಳೆದುಕೊಳ್ಳುವುದು ಹದಿನಾಲ್ಕು ವರ್ಷದ ಪರಿಚಯದ ಬೀದಿಯನ್ನು, ಹೂವಿನವಳನ್ನು, ಸಂಜೆ ಕಟ್ಟೆಯ ಮೇಲೆ ಸಿಗುವ ಮೂರು ನಾಲ್ಕು ಜನರನ್ನು. 74ರ ವಯಸ್ಸಿನಲ್ಲಿ ಅದನ್ನು ಮತ್ತೆ ಕಟ್ಟಿಕೊಳ್ಳಲು ಕಾಲ ಹಿಡಿಯುತ್ತದೆ. ಆದ್ದರಿಂದ ಮೈಸೂರಿನಲ್ಲಿ ಮನೆ ನೋಡುವಾಗ ಅವರು ಯಾರ ನೆರವಿಲ್ಲದೆ ನಡೆದುಹೋಗುವಷ್ಟು ದೂರದಲ್ಲಿ ಒಂದು ದೇವಸ್ಥಾನವೋ ಉದ್ಯಾನವೋ ಇರಲಿ, ನಡುವೆ ದೊಡ್ಡ ರಸ್ತೆ ಇಲ್ಲದಿರಲಿ. ಮಗಳ ವಿಷಯದಲ್ಲಿ ಒಂದೇ ಮಾತು: ಹೋಗುವುದಾದರೆ ಒಂಬತ್ತನೆಯ ತರಗತಿಯ ಆರಂಭಕ್ಕೇ ಹೋಗಿ, ಅದೇ ಪಠ್ಯಕ್ರಮದ ಶಾಲೆಗೆ ಸೇರಿಸಿ. ಹತ್ತನೆಯ ತರಗತಿಗೆ ಹೊಸ ಶಾಲೆ ಹುಡುಕುವುದು ಬಹಳ ಕಷ್ಟ.

ಪ್ರಶ್ನೆ: ಬೆಂಗಳೂರಿನಿಂದ ಜೂನ್‌ನಲ್ಲಿ ಹುಬ್ಬಳ್ಳಿಗೆ ಹೋಗುವುದು ನಿಶ್ಚಯವಾಗಿದೆ. ಎರಡು ದಿನ ಮಾತ್ರ ಹೋಗಿ ಮನೆ ನೋಡಿಬರಲು ಸಾಧ್ಯ. ಮನೆ ತೋರಿಸುವ ಬ್ರೋಕರ್ ಎಲ್ಲ ಬಡಾವಣೆಗಳಲ್ಲಿಯೂ ನೀರಿನ ತೊಂದರೆ ಇಲ್ಲವೆನ್ನುತ್ತಾರೆ. ನಂಬಬಹುದೇ?
— ಒಬ್ಬ ಓದುಗ, ವಿಜಯನಗರ

ಉತ್ತರ: ಯಾವ ಊರಿನ ಬಗ್ಗೆಯೂ ‘ಎಲ್ಲ ಬಡಾವಣೆ’ ಎಂಬ ಮಾತನ್ನು ನಂಬಬೇಡಿ. ನಿಮ್ಮ ಬೆಂಗಳೂರಿನಲ್ಲಿಯೇ 2024ರ ಬೇಸಿಗೆಯಲ್ಲಿ ಕಾವೇರಿ ಕೊಳವೆಯಿದ್ದ ಹಳೆಯ ಬಡಾವಣೆಯವರ ಕಷ್ಟವೇ ಬೇರೆ, ಕೊಳವೆಬಾವಿಯನ್ನೇ ನೆಚ್ಚಿದ್ದ ಹೊರವಲಯದವರ ಕಷ್ಟವೇ ಬೇರೆಯಾಗಿತ್ತು. ಆ ಹೊರವಲಯದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ ಕಾವೇರಿ ಐದನೇ ಹಂತ ಚಾಲನೆಗೊಂಡದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಮಳೆ ಹೆಚ್ಚು ಬೀಳುವ ಊರಿನಲ್ಲಿ ನೀರಿಗೆ ಕೊರತೆಯಿಲ್ಲ ಎಂಬ ನಂಬಿಕೆಯೂ ಸರಿಯಲ್ಲ. ಅಷ್ಟು ಮಳೆ ಕಾಣುವ ಮಂಗಳೂರಿನಲ್ಲಿ ನೇತ್ರಾವತಿಯ ತುಂಬೆ ಅಣೆಕಟ್ಟೆಯ ನೀರು ಇಳಿದು, 2019ರ ಬೇಸಿಗೆಯಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಯಿತು.

ಹುಬ್ಬಳ್ಳಿ-ಧಾರವಾಡಕ್ಕೆ ಮುಖ್ಯವಾಗಿ ನೀರು ಬರುವುದು ಸವದತ್ತಿಯ ಬಳಿಯ ಮಲಪ್ರಭೆಯ ರೇಣುಕಾಸಾಗರದಿಂದ. ಬಹಳ ವರ್ಷಗಳ ಹಿಂದೆಯೇ ಈ ಅವಳಿ ನಗರದ 8 ವಾರ್ಡ್‌ಗಳಲ್ಲಿ ದಿನದ ಇಪ್ಪತ್ತನಾಲ್ಕು ಗಂಟೆಯೂ ನೀರು ಕೊಡುವ ಪ್ರಾಯೋಗಿಕ ಯೋಜನೆ ಜಾರಿಗೆ ಬಂತು. ಅದೇ ಕಾಲದಲ್ಲಿ ಉಳಿದ ವಾರ್ಡ್‌ಗಳ ಜನ ಹಲವು ದಿನಗಳಿಗೊಮ್ಮೆ ಬರುವ ನೀರಿಗೆ ಕಾಯುತ್ತಿದ್ದರು. ಒಂದೇ ನದಿಯ ನೀರು, ಒಂದೇ ಪಾಲಿಕೆ. ಆಚೆ ಬೀದಿಯಲ್ಲಿ ಒಂದು ಬದುಕು, ಈಚೆ ಬೀದಿಯಲ್ಲಿ ಇನ್ನೊಂದು. ಸಂಪರ್ಕ ವಿಸ್ತರಿಸುವ ಕೆಲಸ ಅಲ್ಲಿಂದೀಚೆಗೆ ನಡೆಯುತ್ತ ಬಂದಿರುವುದರಿಂದ, ನೀವು ನೋಡುವ ಮನೆಯ ಬೀದಿಯ ಇಂದಿನ ಸ್ಥಿತಿಯನ್ನೇ ವಿಚಾರಿಸಬೇಕು.

ನನಗೆ ಇದನ್ನು ಕಲಿಸಿದ್ದು ಅನುಭವ. ಸುಮಾರು ಮೂವತ್ತು ವರ್ಷಗಳ ಹಿಂದೆ ಉತ್ತರ ಕರ್ನಾಟಕದ ಒಂದು ಊರಿಗೆ ಕೆಲಸದ ಮೇಲೆ ಹೋದಾಗ ನಾವು ಮನೆ ನೋಡಿದ್ದು ಆಗಸ್ಟ್ ತಿಂಗಳಲ್ಲಿ. ಹಿತ್ತಲಿನ ಬಾವಿ ತುಂಬಿತ್ತು, ಕೈಯಲ್ಲಿ ನೀರು ಮುಟ್ಟುವಷ್ಟು. ಏಪ್ರಿಲ್‌ಗೆ ಬಾವಿಯ ತಳ ಕಂಡಿತು, ನಳದ ನೀರು ಎಂಟು ದಿನಕ್ಕೊಮ್ಮೆ ಬರತೊಡಗಿತು, ಅದೂ ನಡುರಾತ್ರಿಯಲ್ಲಿ. ನೀರು ಬರುವ ಮೊದಲು ನಳದಿಂದ ಗಾಳಿ ಸುಯ್ಯೆಂದು ಹೊರಡುತ್ತಿತ್ತು. ಆ ಸದ್ದಿಗೆ ನನ್ನ ಹೆಂಡತಿ ಎಚ್ಚರಾಗಿ ಕೊಡಗಳನ್ನು ಸಾಲಾಗಿ ಇಡುತ್ತಿದ್ದರು, ಅಂದು ಮನೆಯಲ್ಲಿ ಯಾರಿಗೂ ಮತ್ತೆ ನಿದ್ದೆಯಿಲ್ಲ. ಮನೆಯ ಮಾಲೀಕರು ಸುಳ್ಳೇನೂ ಹೇಳಿರಲಿಲ್ಲ, ಬೇಸಿಗೆಯಲ್ಲಿ ಹೇಗೆ ಎಂದು ನಾವು ಕೇಳಿರಲಿಲ್ಲ.

ಆದ್ದರಿಂದ ಏಪ್ರಿಲ್ ಕೊನೆಯಲ್ಲೋ ಮೇ ಮೊದಲ ವಾರದಲ್ಲೋ ಹೋಗಿ. ಬೀದಿಯಲ್ಲಿ ನಿಧಾನವಾಗಿ ನಡೆಯಿರಿ. ಮನೆಗಳ ಮುಂದೆ ಪ್ಲಾಸ್ಟಿಕ್ಕಿನ ದೊಡ್ಡ ಡ್ರಮ್ಮುಗಳು ಸಾಲಾಗಿ ನಿಂತಿದ್ದರೆ ಅಲ್ಲಿ ನೀರು ದಿನವೂ ಬರುವುದಿಲ್ಲವೆಂದೇ ತಿಳಿಯಿರಿ. ಬ್ರೋಕರನ್ನು ಬಿಟ್ಟು ಪಕ್ಕದ ಮನೆಯ ತಾಯಿಯೊಬ್ಬರನ್ನು ‘ನಳ ಎಷ್ಟ್ ದಿವಸಕ್ಕೊಮ್ಮಿ ಬರ್ತದ್ರೀ?’ ಎಂದು ಕೇಳಿ. ಅವರು ದಿನವನ್ನೂ ಹೇಳುತ್ತಾರೆ, ಹೊತ್ತನ್ನೂ ಹೇಳುತ್ತಾರೆ, ಕುಡಿಯಲು ಕಾಸಬೇಕೋ ಬೇಡವೋ ಎಂಬುದನ್ನೂ ಹೇಳುತ್ತಾರೆ. ವಾಲ್ವ್ ತಿರುಗಿಸಲು ಬರುವ ನೌಕರ ಸಿಕ್ಕರೆ ಇನ್ನೂ ಒಳ್ಳೆಯದು, ಆ ಬಡಾವಣೆಯ ನೀರಿನ ವಿಷಯದಲ್ಲಿ ಅವರಷ್ಟು ಖಚಿತವಾಗಿ ಬೇರೆ ಯಾರೂ ಹೇಳಲಾರರು. ಬಳಿಕ ಮನೆಯ ಸಂಪು ಎಷ್ಟು ದೊಡ್ಡದು, ಅದನ್ನು ಎಷ್ಟು ಮನೆಗಳು ಹಂಚಿಕೊಳ್ಳುತ್ತವೆ ಎಂದು ನೋಡಿ. ಐದು ಜನರ ಸಂಸಾರಕ್ಕೆ ಮಿತವಾಗಿ ಬಳಸಿದರೂ ದಿನಕ್ಕೆ ಐನೂರು ಲೀಟರ್ ಬೇಕಾಗುತ್ತದೆ. ಆರು ದಿನಕ್ಕೊಮ್ಮೆ ನೀರು ಬರುವ ಬೀದಿಯಲ್ಲಿ ಎರಡು ಸಾವಿರ ಲೀಟರಿನ ಸಂಪು ನಾಲ್ಕನೆಯ ದಿನಕ್ಕೇ ಬರಿದಾಗುತ್ತದೆ.

ಇನ್ನೊಂದು ಮಾತು, ಇದು ಮೈಸೂರು, ಹುಬ್ಬಳ್ಳಿ, ತುಮಕೂರು ಎಲ್ಲಕ್ಕೂ ಅನ್ವಯಿಸುತ್ತದೆ. ಊರ ಹೊರಗಿನ ಹೊಸ ಖಾಸಗಿ ಬಡಾವಣೆಗಳಲ್ಲಿ ಮನೆ ಅಂದವಾಗಿರುತ್ತದೆ, ಬಾಡಿಗೆಯೂ ಕಡಿಮೆ. ಆದರೆ ಬಡಾವಣೆಯನ್ನು ಸ್ಥಳೀಯ ಸಂಸ್ಥೆಗೆ ಇನ್ನೂ ಹಸ್ತಾಂತರಿಸದಿದ್ದರೆ ಕಸ, ಬೀದಿ ದೀಪ, ಒಳಚರಂಡಿ ಯಾವುದಕ್ಕೂ ಹೊಣೆಗಾರರು ಸಿಗುವುದಿಲ್ಲ. ಕಸದ ಗಾಡಿ ಯಾರದು, ವಾರಕ್ಕೆ ಎಷ್ಟು ದಿನ ಬರುತ್ತದೆ ಎಂದು ಕೇಳಿದರೆ ಹಸ್ತಾಂತರವಾಗಿದೆಯೋ ಇಲ್ಲವೋ ತಿಳಿದುಬಿಡುತ್ತದೆ.

ಪ್ರಶ್ನೆ: ನಾನು ಕಲಬುರಗಿಯವನು, ವಯಸ್ಸು 26. ಬೆಂಗಳೂರಿನಲ್ಲಿ ಒಂದು, ಹೈದರಾಬಾದಿನಲ್ಲಿ ಒಂದು ಕೆಲಸ ಸಿಕ್ಕಿದೆ. ಸಂಬಳ ಹೆಚ್ಚುಕಡಿಮೆ ಒಂದೇ. ಕನ್ನಡದ ಊರೆಂದು ಬೆಂಗಳೂರನ್ನೇ ಆರಿಸು ಎಂದು ಸ್ನೇಹಿತರು ಹೇಳುತ್ತಾರೆ. ತಂದೆ ಇಲ್ಲ, ತಾಯಿ ಒಬ್ಬರೇ ಇದ್ದಾರೆ.
— ಕಲಬುರಗಿಯ ಓದುಗ

ಉತ್ತರ: ಸ್ನೇಹಿತರ ಅಭಿಮಾನ ನನಗೂ ಪ್ರಿಯವಾದದ್ದೇ. ಆದರೆ ನಿಮ್ಮ ಕಾಗದದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಕೊನೆಯ ವಾಕ್ಯ. ಕಲಬುರಗಿಯಿಂದ ಹೈದರಾಬಾದ್ ಇನ್ನೂರು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಬೆಂಗಳೂರು ಅದರ ಎರಡರಷ್ಟಕ್ಕಿಂತಲೂ ದೂರ. 2024ರ ಮಾರ್ಚ್‌ನಿಂದ ಬೆಂಗಳೂರಿಗೆ ವಂದೇ ಭಾರತ್ ರೈಲು ಬಂದಿದ್ದರೂ ಅದರಲ್ಲಿ ಹೋಗಲು ಹಗಲಿನ ಬಹುಭಾಗ ಬೇಕು. ಹೈದರಾಬಾದಿನಲ್ಲಿದ್ದರೆ ಶುಕ್ರವಾರ ಕೆಲಸ ಮುಗಿಸಿ ಹೊರಟು ಅದೇ ರಾತ್ರಿ ತಾಯಿಯ ಕೈಯ ರೊಟ್ಟಿ ಉಣ್ಣಬಹುದು, ತಿಂಗಳಿಗೆ ಎರಡು ಸಲ ಬಂದರೂ ದಣಿವಾಗದು. ಜ್ವರವೆಂದು ಅವರು ಫೋನು ಮಾಡಿದ ದಿನ ಸಂಜೆಗೆ ಅವರ ಮುಂದಿರಬಹುದು. ಭಾಷೆಯ ವಿಷಯಕ್ಕೆ ಬಂದರೆ, ಕಲಬುರಗಿಯಲ್ಲಿ ಬೆಳೆದ ನಿಮ್ಮ ಕಿವಿಗೆ ದಖ್ಖನಿಯೂ ತೆಲುಗೂ ಹೊಸದಾಗಿರಲಾರವು, ಆ ಊರಿನಲ್ಲಿ ಕನ್ನಡಿಗರೂ ಬಹುಕಾಲದಿಂದ ನೆಲೆಸಿದ್ದಾರೆ.

ಬೆಂಗಳೂರಿನ ಕೆಲಸದಲ್ಲಿ ಕಲಿಯುವುದು ಹೆಚ್ಚಿದೆ ಎಂದು ನಿಮಗೆ ಖಚಿತವಾಗಿ ಅನ್ನಿಸಿದರೆ ಮಾತ್ರ ಅಲ್ಲಿಗೆ ಹೋಗಿ. ಹಾಗಾದರೆ ತಾಯಿಯವರನ್ನು ಜೊತೆಗೆ ಕರೆದೊಯ್ಯುವ ಮಾತನ್ನು ಈಗಲೇ ಎತ್ತಿ, ಅವರ ಉತ್ತರವನ್ನು ಕೇಳಿಸಿಕೊಂಡು, ಆ ಮೇಲೆ ಕಂಪನಿಗೆ ಒಪ್ಪಿಗೆಯ ಪತ್ರ ಕಳುಹಿಸಿ.